ಕೆಳಗೆ ಯಾರವ್ರೆ ನೋಡ್ಬುಟ್ಟು ನೀರು ಬಿಡು

(ವಿದ್ಯಾರ್ಥಿ ನಿಲಯವೊಂದರಲ್ಲಿ ನಡೆದ ಅಧ್ಯಯನ ಶಿಬಿರದಲ್ಲಿ ಆಡಿದ ಮಾತುಗಳು. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದೆ.)



ನನ್ನನ್ನು ಇಲ್ಲಿಗೆ ಕರೆದದ್ದು ಕವಿತೆ ಓದಲಿಕ್ಕೆ. ನಿನ್ನೆ ರಾತ್ರಿ ಊಟ ಆದ ಮೇಲೆ ನಿಮ್ಮಲ್ಲಿ ಕೆಲವರು, 'ಅಣ್ಣಾ, ನೀರಿನ ಮೇಲೆ ಬರೆದಿದ್ದೀರಲ್ಲ, ಅದನ್ನ ಓದಿ' ಅಂದ್ರಿ. ನಿಜ, ನೀರಿನ ಮೇಲೆ ನಾನು ಏಳೆಂಟು ಪದ್ಯ ಬರೆದಿದ್ದೀನಿ. ಬಾವಿ ಇದೆ, ಕೊಡ ಇದೆ, ಬಾಯಾರಿಕೆ ಇದೆ, ಎತ್ತರದಿಂದ ಬೊಗಸೆಗೆ ನೀರು ಹುಯ್ಯುವ ಕೈ ಇದೆ. ಆದರೆ ಒಂದು ಲೀಟರ್ ನೀರಿನಲ್ಲಿ ಏನೇನು ಕರಗಿರುತ್ತೆ, ಎಷ್ಟು ಕರಗಿದರೆ ಅದು ಕುಡಿಯೋಕೆ ಬಾರದು ಅಂತ ಕೇಳಿದ್ದರೆ ಬಿ.ಎ. ಓದಿದ ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ನಾಚಿಕೆಯಿಂದ ಈಚೆಗೆ ಒಂದಷ್ಟು ಓದಿದೆ. ಅದರಲ್ಲಿ ಒಂದು ಕೆರೆಯ ಕಥೆ ಸಿಕ್ಕಿತು. ಇವತ್ತು ಪದ್ಯ ಬೇಡ. ಆ ಕೆರೆಯ ಕಥೆ ಹೇಳ್ತೀನಿ.

ಅದು ದೂರದ ಕೆರೆ. ಅಲ್ಲಿಗೆ ಹೋಗುವ ಮುಂಚೆ ನಮ್ಮೂರ ಕೆರೆಯ ಏರಿ ಮೇಲೆ ಒಂದು ನಿಮಿಷ ನಿಂತುಕೊಳ್ಳೋಣ.

ನಮ್ಮ ತಾತ ನೀರುಗಂಟಿ. ನೀರುಗಂಟಿ ಅಂದರೆ ನಿಮಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ತೂಬು ಎತ್ತೋದು, ಇಳಿಸೋದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ಕಾಯೋದು, ಮಳೆಗಾಲದಲ್ಲಿ ರಾತ್ರಿಯೆಲ್ಲ ಏರಿ ಮೇಲೆ ಓಡಾಡೋದು. ಊರಿನ ಅಷ್ಟೂ ಗದ್ದೆಗೆ ನೀರು ಕೊಟ್ಟವನು ದೇವಸ್ಥಾನದ ಕಡೆ ಮೆಟ್ಟಿಲಲ್ಲಿ ಇಳಿದು ಒಂದು ಬೊಗಸೆ ನೀರು ಕುಡಿಯುವಂತಿರಲಿಲ್ಲ. ಇದು ನಿಮ್ಮೆಲ್ಲರ ತಾತಂದಿರ ಕಥೆಯೂ ಹೌದು.

ಒಂದು ವರ್ಷ ಹಿಡಿದ ಮಳೆ ಬಿಡಲಿಲ್ಲವಂತೆ. ಕೆರೆ ತುಂಬಿ ಹಿನ್ನೀರು ಮೇಲಕ್ಕೆ ಹತ್ತಿ ಊರ ದೊಡ್ಡವರ ತೆಂಗಿನ ತೋಟಕ್ಕೆ ನುಗ್ಗಿತು. ಕೋಡಿ ಇನ್ನೂ ಬಿದ್ದಿರಲಿಲ್ಲ. ಕೋಡಿ ಒಡೆದು ಹಾಕು, ನೀರು ಹಳ್ಳಕ್ಕೆ ಹೋಗಲಿ ಅಂದರು. ಕೋಡಿಹಳ್ಳದ ದಂಡೆಯಲ್ಲಿ ಇರೋದು ನಮ್ಮ ಕೇರಿ. ತಾತ ಕೈ ಮುಗಿದು, 'ಬುದ್ದೀ, ಕೆಳಗೆ ಜನ ಅವ್ರೆ' ಅಂದರಂತೆ. 'ನೀರು ಯಾರನ್ನಾದ್ರೂ ಕೇಳ್ಕೊಂಡು ಹೋಗ್ತದೇನೋ' ಅಂತ ಉತ್ತರ ಬಂತು. ತಾತ ನಮ್ಮಪ್ಪನನ್ನ, ಆಗ ಅವರಿನ್ನೂ ಚಿಕ್ಕ ಹುಡುಗ, ಕೇರಿಗೆ ಓಡಿಸಿ, ಆಮೇಲೆ ತಾವೇ ಹಾರೆ ಹಿಡಿದು ಕೋಡಿ ಒಡೆದರು. ಜನ ಉಳಿದರು. ಗುಡಿಸಲು ಹೋದವು. ನಮ್ಮ ಕೇರಿಗೆ ಇದ್ದ ಒಂದೇ ಬಾವಿಗೆ ಹಳ್ಳದ ನೀರು ಹೊಕ್ಕು ಮುಂದಿನ ಬೇಸಿಗೆವರೆಗೂ ಅದನ್ನ ಬಾಯಿಗೆ ಇಡೋಕಾಗಲಿಲ್ಲ.

ಕೈ ನಮ್ಮದು. ಹಾರೆ ನಮ್ಮದು. ಮುಳುಗಿದ ಗುಡಿಸಲೂ ನಮ್ಮದೇ. ತೀರ್ಮಾನ ಮಾತ್ರ ಅವರದು. ತಾತ ಸಾಯೋವರೆಗೂ ಒಂದು ಮಾತು ಹೇಳ್ತಿದ್ದರು: 'ನೀರು ಬಿಡೋದು ದೊಡ್ಡದಲ್ಲ ಕಣಪ್ಪ, ಕೆಳಗೆ ಯಾರವ್ರೆ ನೋಡ್ಬುಟ್ಟು ಬಿಡ್ಬೇಕು.'

ಈ ಮಾತನ್ನ ಗಂಟು ಹಾಕ್ಕೊಳ್ಳಿ. ಈಗ ಆ ದೂರದ ಕೆರೆಗೆ ಹೋಗೋಣ.

ಅಮೆರಿಕಾದ ಉತ್ತರದಲ್ಲಿ, ಕೆನಡಾ ಗಡಿಗೆ ಅಂಟಿಕೊಂಡ ಹಾಗೆ ನಾರ್ತ್ ಡಕೋಟಾ ಅಂತ ಒಂದು ರಾಜ್ಯ ಇದೆ. ಡಕೋಟಾ ಅನ್ನೋದು ಅಲ್ಲಿನ ಮೂಲನಿವಾಸಿ ಜನರ ಹೆಸರು. ಅವರ ಹೆಸರನ್ನ ರಾಜ್ಯಕ್ಕೆ ಇಟ್ಟರು, ಅವರನ್ನ ಮಾತ್ರ ಒಂದು ಮೂಲೆಗೆ ಇಟ್ಟರು. ಆ ರಾಜ್ಯದಲ್ಲಿ ಒಂದು ದೊಡ್ಡ ಕೆರೆ. ಡಕೋಟಾ ಜನ ಅದನ್ನ ತಮ್ಮ ಭಾಷೆಯಲ್ಲಿ ಮ್ನಿ ವಕಾನ್ ಅಂತ ಕರೆದರು. ಮ್ನಿ ಅಂದರೆ ನೀರು, ವಕಾನ್ ಅಂದರೆ ಪವಿತ್ರವಾದದ್ದು, ಮನುಷ್ಯನ ತಿಳಿವಿಗೆ ಮೀರಿದ್ದು. ಬಿಳಿಯರು ಬಂದು ಅದನ್ನ ಡೆವಿಲ್ಸ್ ಲೇಕ್ ಅಂದರು. ದೆವ್ವದ ಕೆರೆ! ಇವತ್ತಿಗೂ ಭೂಪಟದಲ್ಲಿ ಅದೇ ಹೆಸರು. ನಮ್ಮ ಕೇರಿಯ ತಾಯಂದಿರನ್ನ ಕ್ಷುದ್ರ ದೇವತೆ ಅಂತ ಪುಸ್ತಕದಲ್ಲಿ ಬರೆದರಲ್ಲ, ಹಾಗೆ. ಇನ್ನೊಬ್ಬರ ದೇವರು ನಮಗೆ ದೆವ್ವ ಅನ್ನೋದು ಎಲ್ಲಾ ಕಡೆಯ ಯಜಮಾನರ ಭಾಷೆ.

ಆ ಜನ ಅಲ್ಲಿ ಹೇಗೆ ಉಳಿದರು ಅನ್ನೋದನ್ನೂ ತಿಳಿಯಬೇಕು. 1862ರಲ್ಲಿ ಪಕ್ಕದ ಮಿನ್ನೆಸೋಟಾದಲ್ಲಿ ಡಕೋಟಾ ಜನ ಬಂಡೆದ್ದರು. ಅದೇ ವರ್ಷ ಡಿಸೆಂಬರ್ 26ರಂದು ಮ್ಯಾಂಕೇಟೋ ಎಂಬ ಊರಿನಲ್ಲಿ 38 ಮಂದಿ ಡಕೋಟಾ ಗಂಡಸರನ್ನು ಒಂದೇ ದಿನ ನೇಣಿಗೆ ಹಾಕಿದರು. ಉಳಿದವರನ್ನು ಆ ರಾಜ್ಯದಿಂದಲೇ ಓಡಿಸಿದರು. 1867ರ ಒಪ್ಪಂದದಲ್ಲಿ ಈ ಕೆರೆಯ ದಕ್ಷಿಣ ದಂಡೆಯ ನೆಲವನ್ನು ಕೆಲವು ಪಂಗಡಗಳಿಗೆ ಬಿಟ್ಟುಕೊಟ್ಟರು. ಪಕ್ಕದಲ್ಲೇ ಫೋರ್ಟ್ ಟಾಟನ್ ಎಂಬ ಸೈನ್ಯದ ಕೋಟೆ. ಸೈನ್ಯ ಹೋದ ಮೇಲೆ ಅದೇ ಕಟ್ಟಡಗಳಲ್ಲಿ ಇಂಡಿಯನ್ ಮಕ್ಕಳಿಗೆ ವಸತಿ ಶಾಲೆ ಮಾಡಿದರು. ಅದೂ ಒಂದು ಹಾಸ್ಟೆಲ್ಲೇ! ಆದರೆ ಅಂಥಾ ಶಾಲೆಗಳು ಇದ್ದದ್ದು ಮಕ್ಕಳಿಂದ ಅವರ ಮಾತು, ಅವರ ಜನ ಎಲ್ಲವನ್ನೂ ಮರೆಸಲಿಕ್ಕೆ. ನಮ್ಮ ಹಾಸ್ಟೆಲ್ ಇರೋದು ಅಪ್ಪ ಅಮ್ಮನ ಬೆವರನ್ನ ನೆನಪಿಟ್ಟುಕೊಂಡು ಓದಲಿಕ್ಕೆ. ಈ ವ್ಯತ್ಯಾಸವನ್ನ ಮರೀಬೇಡಿ. ಆ ಜನ ತಮ್ಮ ಸಮುದಾಯಕ್ಕೆ ಸರ್ಕಾರದವರು ಅಂಟಿಸಿದ್ದ ದೆವ್ವದ ಹೆಸರನ್ನ 1990ರ ದಶಕದಲ್ಲಿ ಕಿತ್ತು ಹಾಕಿ ಸ್ಪಿರಿಟ್ ಲೇಕ್ ಅಂತ ಮಾಡಿಕೊಂಡರು.

ಈಗ ನೀರಿನ ವಿಷಯ. ಆ ಕೆರೆಗೆ ಕೋಡಿ ಇದೆ, ಆದರೆ ತುಂಬಾ ಎತ್ತರದಲ್ಲಿ. ಸುಮಾರು 3,800 ಚದರ ಮೈಲಿ ನೆಲದ ಮಳೆ, ಹಿಮ ಎಲ್ಲಾ ಕರಗಿ ಅಲ್ಲಿಗೇ ಬಂದು ನಿಲ್ಲುತ್ತೆ. ಹೊರಗೆ ಹರಿಯಬೇಕಾದರೆ ನೀರಿನ ಮಟ್ಟ ಸಮುದ್ರಕ್ಕಿಂತ 1,458 ಅಡಿ ಏರಬೇಕು. ಕಳೆದ ನಾಲ್ಕು ಸಾವಿರ ವರ್ಷದಲ್ಲಿ ಅದು ಎರಡು ಸಲವಾದರೂ ಕೋಡಿ ಬಿದ್ದು ಶಯೆನ್ ಎಂಬ ನದಿಗೆ ಹರಿದಿದೆ ಅಂತ ಭೂವಿಜ್ಞಾನಿಗಳು ಗುರುತು ಹಿಡಿದಿದ್ದಾರೆ. ಉಳಿದ ಕಾಲವೆಲ್ಲ ಬಂದ ನೀರು ಬಿಸಿಲಿಗೆ ಆವಿಯಾಗಿ ಹೋಗುತ್ತಿತ್ತು. ನೀರು ಆವಿಯಾಗುತ್ತೆ, ಉಪ್ಪು ಆವಿಯಾಗಲ್ಲ. ತಳದಲ್ಲೇ ಉಳಿಯುತ್ತೆ. ನಮ್ಮಮ್ಮ ಸಾರಿನ ಮಡಕೆಯನ್ನ ಒಲೆ ಮೇಲೆ ಮರೆತರೆ ಸಾರು ಉಪ್ಪಾಗುತ್ತಲ್ಲ, ಅದೇ ಲೆಕ್ಕ. ಸಾವಿರಾರು ವರ್ಷ ಕುದಿದ ಸಾರು ಅದು.

1940ರಲ್ಲಿ ಆ ಕೆರೆ ಬಹುತೇಕ ಒಣಗಿತ್ತು. ಮಟ್ಟ ಸುಮಾರು 1,401 ಅಡಿ. ಆಮೇಲೆ ನಿಧಾನಕ್ಕೆ ಏರಿತು. 1993ರಿಂದ ಮಳೆಯ ವರ್ಷಗಳು ಒಂದರ ಹಿಂದೆ ಒಂದು ಬಂದವು. ಕೆರೆ ಏರಿದ್ದೇ ಏರಿದ್ದು. 1993ರ ಮೊದಲಲ್ಲಿ 1,422 ಅಡಿ ಚಿಲ್ಲರೆ ಇದ್ದದ್ದು 2011ರ ಜೂನ್ ಹೊತ್ತಿಗೆ 1,454 ಅಡಿ ದಾಟಿತು. ಮೂವತ್ತೆರಡು ಅಡಿ! ಸುಮಾರು 44,000 ಎಕರೆ ಇದ್ದ ನೀರು ಎರಡು ಲಕ್ಷ ಎಕರೆ ಮೀರಿ ಹರಡಿತು. ಹೊಲ, ರಸ್ತೆ, ಮನೆ, ಮರ ಎಲ್ಲಾ ಒಳಗೆ. ಚರ್ಚಸ್ ಫೆರ್ರಿ ಅನ್ನೋ ಊರನ್ನ ಸರ್ಕಾರ ಕೊಂಡುಕೊಂಡು ಖಾಲಿ ಮಾಡಿಸಿತು. ಮಿನ್ನೆವಾಕನ್ ಅನ್ನೋ ಊರಿಗೆ ಕೆರೆ ಮೊದಲು ಮೈಲಿಗಟ್ಟಲೆ ದೂರ ಇತ್ತು, ಆಮೇಲೆ ಅದು ಮನೆಬಾಗಿಲಿಗೆ ಬಂತು. ಆ ಊರಿನ ಹೆಸರೇ ಮ್ನಿ ವಕಾನ್ ಅನ್ನೋದರಿಂದ ಬಂದದ್ದು ನೋಡಿ. ಡಕೋಟಾ ಜನರ ಮೀಸಲು ನೆಲವೂ ಮುಳುಗಿತು. ಅಲ್ಲಿನ ರಸ್ತೆಗಳೇ ಕಟ್ಟೆಯ ಹಾಗೆ ಒಂದು ಕಡೆ ನೀರು ತಡೆದು ನಿಂತಿದ್ದವು. ರಸ್ತೆ ಒಡೆದರೆ ಮನೆಗಳೇ ಹೋಗುವಂಥ ಸ್ಥಿತಿ.

ಆದ್ದರಿಂದ ಗೆಳೆಯರೇ, ಅಲ್ಲಿನ ಜನ ಸುಮ್ಮಸುಮ್ಮನೆ ನೀರು ಹೊರಗೆ ಹಾಕಬೇಕು ಅನ್ನಲಿಲ್ಲ. ಮುಳುಗುವವನ ಸಂಕಟವನ್ನ ನಾವು ಲಘು ಮಾಡಬಾರದು. ನಮ್ಮೂರ ತೋಟದವರ ಹಾಗೆ ಬರೀ ನಾಲ್ಕು ಜನ ಶ್ರೀಮಂತರ ಆಸ್ತಿ ವಿಷಯ ಅದಲ್ಲ. ಬಡವರೂ ಮುಳುಗಿದರು. ಮೂಲನಿವಾಸಿಗಳೂ ಮುಳುಗಿದರು.

ನಾರ್ತ್ ಡಕೋಟಾ ರಾಜ್ಯ ಏನು ಮಾಡಿತು? ಕೆರೆಯ ಪಶ್ಚಿಮ ತುದಿಯಿಂದ ಪಂಪು, ಪೈಪು, ಕಾಲುವೆ ಹಾಕಿ ನೀರನ್ನ ಶಯೆನ್ ನದಿಗೆ ಬಿಡುವ ದಾರಿ ಮಾಡಿತು. 2005ರ ಆಗಸ್ಟಿನಲ್ಲಿ ಶುರು. ಸೆಕೆಂಡಿಗೆ 100 ಘನ ಅಡಿ, ಅಂದರೆ 100 ಕ್ಯೂಸೆಕ್. 2010ರಲ್ಲಿ ಅದನ್ನ 250 ಮಾಡಿದರು. 2012ರಲ್ಲಿ ಪೂರ್ವದ ತುದಿಯಿಂದ 350 ಕ್ಯೂಸೆಕ್ಕಿನ ಇನ್ನೊಂದು ದಾರಿ ತೆರೆದರು. ಎರಡೂ ಸೇರಿ 600.

ಈ ನೀರು ಎಲ್ಲಿಗೆ ಹೋಗುತ್ತೆ? ಶಯೆನ್ ನದಿ ವ್ಯಾಲಿ ಸಿಟಿ, ಲಿಸ್ಬನ್ ಊರುಗಳನ್ನ ದಾಟಿ ಫಾರ್ಗೋ ನಗರದ ಹತ್ತಿರ ರೆಡ್ ನದಿಗೆ ಸೇರುತ್ತೆ. ರೆಡ್ ನದಿ ಉತ್ತರಕ್ಕೆ ಹರಿದು ಕೆನಡಾದ ಮ್ಯಾನಿಟೋಬಾ ಪ್ರಾಂತ್ಯಕ್ಕೆ ಹೋಗಿ ವಿನ್ನಿಪೆಗ್ ಸರೋವರಕ್ಕೆ ಬೀಳುತ್ತೆ. ಆ ಸರೋವರದ ದಂಡೆಯಲ್ಲಿ ಮೀನು ಹಿಡಿದು ಬದುಕುವ ಕೆನಡಾದ ಮೂಲನಿವಾಸಿ ಜನ ಇದ್ದಾರೆ. ಮೇಲಿನ ತುದಿಯಲ್ಲೂ ಮೂಲನಿವಾಸಿಗಳು, ಕೆಳಗಿನ ತುದಿಯಲ್ಲೂ ಮೂಲನಿವಾಸಿಗಳು. ನಡುವೆ ಎರಡು ಸರ್ಕಾರ.

ಕೆಳಗಿನವರು ಯಾಕೆ ಬೇಡ ಅಂದರು? ಇಲ್ಲಿ ಸ್ವಲ್ಪ ಗಮನ ಕೊಡಿ. ಕಲಾ ವಿಭಾಗದವರು ನಿದ್ದೆ ಮಾಡಬೇಡಿ.

ಮೊದಲನೆಯದು ಸಲ್ಫೇಟ್. ಗಂಧಕದಿಂದ ಆದ ಲವಣ. ಹೆಚ್ಚಾದರೆ ನೀರು ಕಹಿ, ಹೊಟ್ಟೆ ಕೆಡುತ್ತೆ, ಭೇದಿಯಾಗುತ್ತೆ. ಕುಡಿಯುವ ನೀರಿನಲ್ಲಿ ಲೀಟರಿಗೆ 250 ಮಿಲಿಗ್ರಾಂ ಮೀರದಿರಲಿ ಅಂತ ಅಮೆರಿಕಾದ ಪರಿಸರ ಸಂಸ್ಥೆಯ ಸಲಹೆ. ನಮ್ಮ ದೇಶದ ಮಾನಕದಲ್ಲಿ 200, ಬೇರೆ ನೀರೇ ಇಲ್ಲದಿದ್ದರೆ 400ರವರೆಗೆ. ಆ ಕೆರೆಯಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಹೋದಷ್ಟೂ ಉಪ್ಪು ಹೆಚ್ಚು. ಮೊದಲು ಪಶ್ಚಿಮದ ಕಡಿಮೆ ಉಪ್ಪಿನ ನೀರನ್ನ ತೆಗೆದರು. ಆಮೇಲೆ ಪೂರ್ವಕ್ಕೂ ಕೈ ಹಾಕಿದರು.

ಒಂದು ಲೆಕ್ಕ ಮಾಡೋಣ. ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ ಸುಮಾರು 28 ಲೀಟರ್. 600 ಕ್ಯೂಸೆಕ್ ಅಂದರೆ ಸುಮಾರು 17,000 ಲೀಟರ್. ಲೀಟರಿಗೆ 500 ಮಿಲಿಗ್ರಾಂ ಸಲ್ಫೇಟ್ ಅಂತ ಉದಾಹರಣೆಗೆ ಇಟ್ಟುಕೊಳ್ಳಿ. ಸೆಕೆಂಡಿಗೆ ಎಂಟೂವರೆ ಕೆಜಿ. ಅಂದರೆ ಆರು ಸೆಕೆಂಡಿಗೆ 50 ಕೆಜಿಯ ಒಂದು ಮೂಟೆ ನದಿಗೆ ಬಿದ್ದ ಹಾಗೆ. ನಾನು ಈ ವಾಕ್ಯ ಹೇಳಿ ಮುಗಿಸೋದರೊಳಗೆ ಒಂದು ಮೂಟೆ ಬಿತ್ತು. ಕಣ್ಣಿಗೆ ಕಾಣಲ್ಲ. ನೀರು ತಿಳಿಯಾಗೇ ಇರುತ್ತೆ.

ಎರಡನೆಯದು ಜೀವಿಗಳು. ಸಾವಿರಾರು ವರ್ಷ ಮುಚ್ಚಿಕೊಂಡಿದ್ದ ಕೆರೆ. ಅದರಲ್ಲಿರುವ ಮೀನು, ಮೀನಿನ ರೋಗಾಣು, ಪರಾವಲಂಬಿ ಹುಳು, ಪಾಚಿ ಇವು ಕೆಳಗಿನ ನದಿಗೆ ಹೊಸಬರಾಗಿರಬಹುದು. ಉಪ್ಪನ್ನ ಬಿಡೋದು ನಿಲ್ಲಿಸಿದರೆ ಒಂದು ದಿನ ನದಿ ತೊಳೆದುಕೊಳ್ಳುತ್ತೆ. ಒಂದು ಜೀವಿ ಹೋಗಿ ನೆಲೆಸಿಬಿಟ್ಟರೆ ವಾಪಸ್ ಕರೆಯೋಕೆ ಆಗಲ್ಲ. 2005ರ ಆಗಸ್ಟಿನಲ್ಲಿ ಅಮೆರಿಕಾ, ಕೆನಡಾ ಮತ್ತು ಆ ಭಾಗದ ರಾಜ್ಯಗಳು ಕೂತು ಮಾತಾಡಿದ ಮೇಲೆ ಕಲ್ಲು ಜಲ್ಲಿಯ ಒಂದು ಶೋಧಕವನ್ನ ಕಾಲುವೆಗೆ ಹಾಕಿದರು. ಜಲ್ಲಿ ಮೀನನ್ನ ತಡೆಯಬಹುದು. ಕಣ್ಣಿಗೆ ಕಾಣದ್ದನ್ನ ತಡೆಯುತ್ತಾ? ಇದು ಕೆಳಗಿನವರ ಪ್ರಶ್ನೆ.

ಮೂರನೆಯದು ರಂಜಕ, ಅಂದರೆ ಫಾಸ್ಫರಸ್. ಹೊಲದ ಗೊಬ್ಬರ, ಊರ ಕೊಚ್ಚೆಯಿಂದ ಬರುತ್ತೆ. ವಿನ್ನಿಪೆಗ್ ಸರೋವರ ಮೊದಲೇ ಅದರಿಂದ ಹಸಿರು ಪಾಚಿ ಕಟ್ಟಿ ನರಳುತ್ತಿತ್ತು. ನೋಯುವ ಕಾಲಿನ ಮೇಲೆ ಇನ್ನೊಂದು ಹೊರೆ.

ನಾನು ಇಲ್ಲಿ ಸುಳ್ಳು ಹೇಳಬಾರದು. ವಿನ್ನಿಪೆಗ್ ಸರೋವರ ಈ ಕೆರೆಯ ನೀರಿನಿಂದಲೇ ಕೆಟ್ಟಿತು ಅಂತ ನಾನು ಹೇಳಲ್ಲ. ಅಲ್ಲಿಗೆ ಕೊಳೆ ಬೇರೆ ಬೇರೆ ಕಡೆಯಿಂದ ಬರುತ್ತೆ, ಕೆನಡಾದ ಹೊಲಗಳಿಂದ, ಊರುಗಳಿಂದಲೂ ಬರುತ್ತೆ. ನಾರ್ತ್ ಡಕೋಟಾದವರ ವಾದದಲ್ಲೂ ತೂಕ ಇದೆ. ಅವರು ಹೇಳಿದ್ದು ಇಷ್ಟು: ನಾವು ಬಿಡದೆ ಇದ್ದರೆ ಕೆರೆ ತಾನೇ 1,458 ಅಡಿಗೆ ಏರಿ ಪೂರ್ವದ ಕಡೆ ಕೋಡಿ ಬೀಳುತ್ತೆ, ಅಲ್ಲಿನದೇ ಹೆಚ್ಚು ಉಪ್ಪಿನ ನೀರು, ಮಣ್ಣು ಕೊರೆದುಕೊಂಡು ಹಿಡಿತವಿಲ್ಲದೆ ಹೋಗುತ್ತೆ, ಅದಕ್ಕಿಂತ ಅಳೆದು ಬಿಡೋದು ಮೇಲಲ್ಲವಾ? ಇದು ಅಲ್ಲಗಳೆಯುವ ಮಾತಲ್ಲ. ನಮ್ಮ ಚಳವಳಿಯ ಹುಡುಗರು ಎದುರಾಳಿಯ ಒಳ್ಳೆಯ ವಾದವನ್ನ ಮೊದಲು ಕೇಳಿಸಿಕೊಳ್ಳಬೇಕು. ಕೆಟ್ಟ ವಾದಕ್ಕೆ ಉತ್ತರ ಕೊಟ್ಟು ಚಪ್ಪಾಳೆ ತಗೊಳ್ಳೋದು ಸುಲಭ.

ಹಾಗಾದರೆ ತಪ್ಪು ಎಲ್ಲಿ? ನನಗೆ ಕಂಡಿದ್ದು ಮೂರು ಕಡೆ.

ಒಂದು, ಕೇಳದೆ ಬಿಟ್ಟದ್ದು. ಅಮೆರಿಕಾ, ಕೆನಡಾ ನಡುವೆ ಗಡಿ ನೀರಿನ ಬಗ್ಗೆ 1909ರಲ್ಲೇ ಒಂದು ಒಪ್ಪಂದ ಆಗಿದೆ. ಗಡಿ ದಾಟಿ ಹರಿಯುವ ನೀರನ್ನ ಆ ಕಡೆಯವರ ಆರೋಗ್ಯಕ್ಕೋ ಆಸ್ತಿಗೋ ಹಾನಿಯಾಗುವ ಹಾಗೆ ಕೆಡಿಸಬಾರದು ಅಂತ ಅದರ ನಾಲ್ಕನೇ ವಿಧಿ ಹೇಳುತ್ತೆ. ಇಂಥಾ ತಕರಾರು ಪರೀಕ್ಷೆ ಮಾಡೋಕೆ ಎರಡೂ ದೇಶದವರ ಒಂದು ಜಂಟಿ ಆಯೋಗ ಇದೆ. ಈ ಕೆರೆಯ ವಿಷಯ ಆ ಆಯೋಗದ ವಿಚಾರಣೆಗೆ ಹೋಗಲಿಲ್ಲ. ಪಂಪು ಮೊದಲು ಬಂತು, ಮಾತುಕತೆ ಆಮೇಲೆ. ಮ್ಯಾನಿಟೋಬಾ ಪ್ರಾಂತ್ಯ, ಜೊತೆಗೆ ಶಯೆನ್ ನದಿ ದಂಡೆಯವರೇ ಕಟ್ಟಿಕೊಂಡ ಒಂದು ಸಂಘ ಕೋರ್ಟಿಗೆ ಹೋದವು. 2005ರಲ್ಲಿ ನಾರ್ತ್ ಡಕೋಟಾದ ಸುಪ್ರೀಂ ಕೋರ್ಟು ರಾಜ್ಯ ಕೊಟ್ಟ ಪರವಾನಗಿಯನ್ನೇ ಎತ್ತಿ ಹಿಡಿಯಿತು. ಬಿಡುವವರ ರಾಜ್ಯ, ಬಿಡುವವರ ಇಲಾಖೆ, ಬಿಡುವವರ ಕೋರ್ಟು.

ಎರಡು, ಅಳತೆಯನ್ನೇ ಹಿಗ್ಗಿಸಿದ್ದು. ಶಯೆನ್ ನದಿಯಲ್ಲಿ ಸಲ್ಫೇಟ್ ಲೀಟರಿಗೆ 450 ಮಿಲಿಗ್ರಾಂ ಮೀರಬಾರದು ಅಂತ ನಿಯಮ ಇತ್ತು. ಆ ನಿಯಮ ಇದ್ದರೆ ಪಂಪುಗಳನ್ನ ಬೇಕಾದಷ್ಟು ಓಡಿಸೋಕಾಗಲ್ಲ. 2009ರಲ್ಲಿ ರಾಜ್ಯ ತುರ್ತು ನಿಯಮ ತಂದು ನದಿಯ ಮೇಲ್ಭಾಗಕ್ಕೆ ಮಿತಿಯನ್ನ 750 ಮಾಡಿಬಿಟ್ಟಿತು. ನೀರು ಬದಲಾಗಲಿಲ್ಲ, ಮೀನಿನ ಮೈ ಬದಲಾಗಲಿಲ್ಲ, ಮನುಷ್ಯರ ಹೊಟ್ಟೆ ಬದಲಾಗಲಿಲ್ಲ. ಕಾಗದದ ಮೇಲಿನ ಅಂಕಿ ಬದಲಾಯಿತು. ನಮ್ಮಜ್ಜಿ ಹೇಳ್ತಿದ್ದರು, ಜಮೀನ್ದಾರನ ಮನೆಯಲ್ಲಿ ಎರಡು ಸೇರು ಇರ್ತಿದ್ದವಂತೆ. ಕೂಲಿಗೆ ರಾಗಿ ಅಳೆದು ಕೊಡೋಕೆ ಒಂದು, ಸಾಲದ ರಾಗಿ ಅಳೆದು ತಗೊಳ್ಳೋಕೆ ಒಂದು. ಆ 750ನ್ನ ಓದಿದಾಗ ನನಗೆ ಆ ಎರಡು ಸೇರು ಕಣ್ಣಿಗೆ ಬಂದವು. ಇತ್ತ ವ್ಯಾಲಿ ಸಿಟಿಯಂಥ ಊರಿನವರು ಕುಡಿಯುವ ನೀರಿನಿಂದ ಸಲ್ಫೇಟ್ ತೆಗೆಯೋಕೆ ಹೊಸ ಶೋಧನಾ ಘಟಕ ಕಟ್ಟಿಕೊಳ್ಳಬೇಕಾಯಿತು.

ಮೂರು, ತಲೆಯ ಕಡೆ ನೋಡದೆ ಬಾಲದ ಕಡೆ ತಳ್ಳಿದ್ದು. ಆ ಕೆರೆಯ ಮೇಲಿನ ಬಯಲಲ್ಲಿ ಹಿಮಯುಗ ಬಿಟ್ಟುಹೋದ ಸಾವಿರಾರು ಸಣ್ಣ ಗುಂಡಿಗಳು, ಜವುಗು ಹೊಂಡಗಳು ಇದ್ದವು. ಮಳೆ ನೀರು ಅಲ್ಲಲ್ಲೇ ನಿಂತು ಇಂಗಿ, ಆವಿಯಾಗಿ ಹೋಗುತ್ತಿತ್ತು. ಗೋಧಿ ಬೆಳೆಯೋಕೆ ಅಂತ ರೈತರು ಬಹಳಷ್ಟಕ್ಕೆ ಕಾಲುವೆ ತೋಡಿ ಬರಿದು ಮಾಡಿದರು. ಆ ನೀರೂ ಕೆರೆಗೇ ಬಂತು. ಕೆರೆ ಏರಿದ್ದಕ್ಕೆ ಮುಖ್ಯ ಕಾರಣ ಮಳೆ ಹೆಚ್ಚಾದದ್ದೇ, ಅದನ್ನ ಒಪ್ಪೋಣ. ಆದರೆ ಆ ಹೊಂಡಗಳನ್ನ ಮತ್ತೆ ತುಂಬಿಸಿ ಒಂದಷ್ಟು ನೀರನ್ನ ಮೇಲೇ ನಿಲ್ಲಿಸಿ ಅಂತ ಹೇಳಿದವರು ಇದ್ದರು. ಪಂಪಿನಷ್ಟು ಬಲ ಆ ಮಾತಿಗೆ ಸಿಗಲಿಲ್ಲ. ಯಾಕೆ ಗೊತ್ತಾ? ಮೇಲಿರುವವನ ಹೊಲ ಮುಟ್ಟೋದು ಕಷ್ಟ. ಕೆಳಗಿರುವವನ ಬಾವಿ ಮುಟ್ಟೋದು ಸುಲಭ.

ಪಂಪಿನಿಂದ ಆದ ಲಾಭವಾದರೂ ಎಷ್ಟು? ಇನ್ನೊಂದು ಲೆಕ್ಕ. 100 ಕ್ಯೂಸೆಕ್ ಪಂಪು ಒಂದು ದಿನ ಓಡಿದರೆ ಸುಮಾರು 200 ಎಕರೆಯಲ್ಲಿ ಒಂದು ಅಡಿ ನೀರು ತೆಗೆಯುತ್ತೆ. ಅಲ್ಲಿ ಚಳಿಗಾಲದಲ್ಲಿ ಎಲ್ಲಾ ಹೆಪ್ಪುಗಟ್ಟುತ್ತೆ, ವರ್ಷಪೂರ್ತಿ ಓಡಿಸೋಕಾಗಲ್ಲ. 150 ದಿನ ಓಡಿತು ಅನ್ನಿ, 30,000 ಎಕರೆ ಅಡಿ. ಲಕ್ಷ ಎಕರೆ ಮೀರಿ ಹರಡಿದ ಕೆರೆಯಲ್ಲಿ ಅದು ನಾಲ್ಕು ಇಂಚೂ ಇಳಿಯಲ್ಲ. 600 ಆದ ಮೇಲೆ ಲೆಕ್ಕ ಬೇರೆ, ಆಗ ಒಂದು ಅಡಿಯ ಆಸುಪಾಸು ಇಳಿಸಬಹುದು. 2011ರ ಮಟ್ಟವನ್ನ ಕೆರೆ ಆಮೇಲೆ ದಾಟಲಿಲ್ಲ. ಅದರಲ್ಲಿ ಪಂಪಿನ ಪಾಲೂ ಇದೆ, ಮಳೆ ಕಡಿಮೆಯಾದ, ಬಿಸಿಲು ಹೆಚ್ಚಾದ ವರ್ಷಗಳ ಪಾಲೂ ಇದೆ. ಈ ಲೆಕ್ಕ ಮಾಡೋಕೆ ನನಗೆ ಬೇಕಾದದ್ದು ಏಳನೇ ಕ್ಲಾಸಿನ ಗಣಿತ. ಅಷ್ಟೇ. ಇಂಜಿನಿಯರು ಹೇಳಿದ ಅಂತ ತಲೆ ಅಲ್ಲಾಡಿಸೋ ಕಾಲ ಮುಗಿಯಬೇಕು.

ಈಗ ನೀವು ಕೇಳಬಹುದು, ಅಣ್ಣಾ, ಇದರಲ್ಲಿ ನಮ್ಮದೇನು? ದಲಿತರ ಸಭೆಯಲ್ಲಿ ಅಮೆರಿಕಾದ ಉಪ್ಪು ಯಾಕೆ?

ಮಹಾಡ್ ನೆನಪಿಸಿಕೊಳ್ಳಿ. 1927ರ ಮಾರ್ಚ್ 20. ಬಾಬಾಸಾಹೇಬರು ಸಾವಿರಾರು ಜನರನ್ನ ಕರೆದುಕೊಂಡು ಹೋಗಿ ಚವದಾರ್ ಕೆರೆಯ ನೀರನ್ನ ಬೊಗಸೆಯಲ್ಲಿ ಎತ್ತಿ ಕುಡಿದರು. ಆಮೇಲೆ ಸವರ್ಣೀಯರು ಏನು ಮಾಡಿದರು? ಕೆರೆ ಮೈಲಿಗೆ ಆಯಿತು ಅಂತ 108 ಮಡಕೆಗಳಲ್ಲಿ ಸಗಣಿ, ಗಂಜಲ, ಹಾಲು, ಮೊಸರು ಕಲಸಿ, ಮಂತ್ರ ಹೇಳಿ ಕೆರೆಗೆ ಹುಯ್ದರು. ಯೋಚನೆ ಮಾಡಿ. ಮನುಷ್ಯ ಮುಟ್ಟಿದ್ದು ಮೈಲಿಗೆ, ಸಗಣಿ ಹಾಕಿದ್ದು ಶುದ್ಧಿ! ಹತ್ತು ವರ್ಷ ಕೋರ್ಟಿನಲ್ಲಿ ಹೋರಾಡಿ 1937ರಲ್ಲಿ ಬಾಂಬೆ ಹೈಕೋರ್ಟಿನಿಂದ ಆ ನೀರಿನ ಹಕ್ಕನ್ನ ಪಡೆಯಬೇಕಾಯಿತು.

ಈ ದೇಶಕ್ಕೆ ನೀರಿನ ಮೈಲಿಗೆ ಅಂದರೆ ಏನು ಅಂತ ಗೊತ್ತೇ ಇಲ್ಲ. ನಮ್ಮ ಕೈ ಸೋಕಿದರೆ ಕೆಟ್ಟಿತು ಅಂದರು. ಕಾರ್ಖಾನೆ ವಿಷ, ಊರ ಕೊಚ್ಚೆ ಸೇರಿದರೆ ಗಂಗೆ ಪವಿತ್ರಳೇ ಅಂದರು. ನಿಜವಾದ ಮೈಲಿಗೆಗೆ ಅಳತೆ ಇದೆ. ಲೀಟರಿಗೆ ಇಷ್ಟು ಮಿಲಿಗ್ರಾಂ ಅಂತ ಇದೆ. ಆ ಅಳತೆಗೆ ಜಾತಿ ಇಲ್ಲ. ಅದಕ್ಕೇ ನಾವು ಅದನ್ನ ಕಲಿಯಬೇಕು. ಕಲಿಯದೆ ಇದ್ದರೆ ಅದನ್ನೂ ಅವರೇ ಹಿಡಿದುಕೊಂಡು 450ನ್ನ 750 ಮಾಡ್ತಾರೆ, ನಾವು ಕವಿತೆ ಬರೀತಾ ಕೂತಿರ್ತೀವಿ.

ಇನ್ನೊಂದು ಮಾತು. ಬಾಬಾಸಾಹೇಬರು ಬರೀ ಕೆರೆಯ ನೀರು ಕುಡಿಯುವ ಹಕ್ಕಿಗಾಗಿ ಮಾತ್ರ ದುಡಿಯಲಿಲ್ಲ. 1942ರಿಂದ 1946ರವರೆಗೆ ವೈಸ್‌ರಾಯರ ಮಂಡಳಿಯಲ್ಲಿ ಕಾರ್ಮಿಕ ಸದಸ್ಯರಾಗಿದ್ದಾಗ ದಾಮೋದರ್ ನದಿಯ ಪ್ರವಾಹದ ಸಮಸ್ಯೆ ಅವರ ಮುಂದೆ ಬಂತು. ಬಿಹಾರ, ಬಂಗಾಳ ಎರಡಕ್ಕೂ ಸೇರಿದ ನದಿ. ಅವರು ಅಮೆರಿಕಾದ ಟೆನೆಸ್ಸಿ ಕಣಿವೆಯ ಮಾದರಿಯನ್ನ ನೋಡಿ, ಪ್ರಾಂತ್ಯದ ಗಡಿ ಮೀರಿ ಇಡೀ ಕಣಿವೆಯನ್ನ ಒಂದಾಗಿ ನೋಡುವ ಯೋಜನೆಯನ್ನ ಮುಂದಿಟ್ಟರು. ಮೇಲಿನವನು, ಕೆಳಗಿನವನು ಇಬ್ಬರೂ ಒಂದೇ ಮೇಜಿನ ಮುಂದೆ ಕೂರಬೇಕು ಅನ್ನೋದು ಅದರ ಸಾರ. ಊರು ಒಂದು, ಕೇರಿ ಇನ್ನೊಂದು ಅಂತ ಬದುಕಿದವರಿಗೆ ಆ ಮೇಜಿನ ಬೆಲೆ ಗೊತ್ತಿರುತ್ತೆ.

ನಾವು ಕನ್ನಡದವರು ಯಾವಾಗಲೂ ಕೆಳಗಿನವರು ಅಂತಾನೂ ತಿಳೀಬೇಡಿ. ಬೆಂಗಳೂರಿನ ಕೊಚ್ಚೆ ಬೆಳ್ಳಂದೂರು ಕೆರೆಗೆ, ಅಲ್ಲಿಂದ ವರ್ತೂರು ಕೆರೆಗೆ, ಅಲ್ಲಿಂದ ದಕ್ಷಿಣ ಪಿನಾಕಿನಿಗೆ ಹೋಗುತ್ತೆ. ಮಳೆ ಬಂದು ಕೆರೆ ತುಂಬಿ ಹರಿದಾಗ ತಮಿಳುನಾಡಿನ ಹೊಸೂರು ಹತ್ತಿರ ಕೆಲವರಪಳ್ಳಿ ಅಣೆಕಟ್ಟಿನಲ್ಲಿ ಬೆಟ್ಟದ ಹಾಗೆ ನೊರೆ ನಿಲ್ಲುತ್ತೆ. ಅಲ್ಲಿ ಕೆಳಗೆ ಯಾರವ್ರೆ? ತಮಿಳು ಕೂಲಿಯವರು, ಸಣ್ಣ ರೈತರು. ಬೆಳ್ಳಂದೂರು ಕೆರೆಗೆ ಬೆಂಕಿ ಹತ್ತಿದ್ದನ್ನ ಪೇಪರಿನಲ್ಲಿ ಓದಿದ ನಾವು, ಆ ನೀರು ಕೆಳಗೆ ಯಾರ ಗದ್ದೆಗೆ ಹೋಗುತ್ತೆ ಅಂತ ಕೇಳಿದ್ವಾ? ಕಾವೇರಿ ಬಂದಾಗ ಮಾತ್ರ ಅವರ ಹೆಸರು ನಮಗೆ ನೆನಪಾಗುತ್ತೆ.

ನಾಳೆ ನಿಮ್ಮಲ್ಲಿ ಕೆಲವರು ಇಂಜಿನಿಯರ್ ಆಗ್ತೀರಿ, ತಹಸೀಲ್ದಾರ್ ಆಗ್ತೀರಿ, ನೀರಾವರಿ ಇಲಾಖೆಯ ಗುಮಾಸ್ತ ಆಗ್ತೀರಿ. ಆಗಬೇಕು. ಅಂದು ತೂಬಿನ ಕೀಲಿ ನಿಮ್ಮ ಕೈಗೆ ಬರುತ್ತೆ. ನಮ್ಮ ತಾತನ ಕೈಯಲ್ಲಿ ಹಾರೆ ಇತ್ತು, ತೀರ್ಮಾನ ಇರಲಿಲ್ಲ. ನಿಮ್ಮ ಕೈಯಲ್ಲಿ ತೀರ್ಮಾನವೂ ಇರುತ್ತೆ. ಅವತ್ತು ನೀವು 'ನೀರು ಯಾರನ್ನಾದ್ರೂ ಕೇಳ್ಕೊಂಡು ಹೋಗ್ತದೇನೋ' ಅನ್ನೋರ ಕುರ್ಚಿಯಲ್ಲಿ ಕೂತುಬಿಟ್ಟರೆ, ನಾವು ಇಷ್ಟು ವರ್ಷ ನಡೆದ ದಾರಿಗೆ ಅರ್ಥ ಇಲ್ಲ.

ಅದಕ್ಕೆ ಒಂದು ಕೆಲಸ ಹೇಳಿ ಮುಗಿಸ್ತೀನಿ. ಈ ಹಾಸ್ಟೆಲ್ಲಿನ ಹಿಂದೆ ಒಂದು ಬೋರ್‌ವೆಲ್ ಇದೆ. ಬೆಳಗ್ಗೆ ನಾನೂ ಅದನ್ನೇ ಕುಡಿದೆ, ನಾಲಗೆಗೆ ಒಂಥರಾ ಕಹಿ. ನಿಮಗೆ ಅಭ್ಯಾಸ ಆಗಿಬಿಟ್ಟಿದೆ. ನಾಳೆ ವಿಜ್ಞಾನ ವಿಭಾಗದ ಗೆಳೆಯರು ಒಂದು ತೊಳೆದ ಬಾಟಲಿಯಲ್ಲಿ ಆ ನೀರು ತುಂಬಿ, ತಾರೀಖು ಬರೆದು, ಪರೀಕ್ಷೆಗೆ ಕೊಡಿ. ಕಲಾ ವಿಭಾಗದವರು ಅರ್ಜಿ ಬರೆಯಿರಿ. ಬಂದ ಅಂಕಿಗಳನ್ನ ಊಟದ ಹಾಲಿನ ಗೋಡೆ ಮೇಲೆ ದೊಡ್ಡದಾಗಿ ಬರೆಯಿರಿ. ಪಕ್ಕದಲ್ಲಿ ಇರಬೇಕಾದ ಅಂಕಿಯನ್ನೂ ಬರೆಯಿರಿ. ಅಷ್ಟಕ್ಕೇ ನಿಲ್ಲಿಸಬೇಡಿ. ನಮ್ಮ ಹಾಸ್ಟೆಲ್ಲಿನ ಬಚ್ಚಲು ನೀರು ಎಲ್ಲಿಗೆ ಹೋಗುತ್ತೆ, ಯಾರ ಮನೆ ಮುಂದೆ ಹರಿಯುತ್ತೆ ಅಂತ ಕಾಲ್ನಡಿಗೆಯಲ್ಲಿ ಒಂದು ಸಲ ಹೋಗಿ ನೋಡಿ ಬನ್ನಿ.

ಮುಂದಿನ ಸಲ ಬಂದಾಗ ಪದ್ಯ ಓದ್ತೀನಿ. ಅದಕ್ಕೆ ಮೊದಲು ಗೋಡೆ ಮೇಲಿನ ಅಂಕಿಯನ್ನ ನೀವು ನನಗೆ ಓದಿ ಹೇಳಬೇಕು.

ಜೈ ಭೀಮ್.